ಇಂಗ್ಲಿಷ್ ಪದಕ್ಕೆ ಅಣ್ಣ ಹೇಳಿದ ಅರ್ಥ

ಅಣ್ಣ ಸತ್ತ ಮರುವರ್ಷ ಅವನ ಗೆಳೆಯರು ಕುಂದಾಪುರದಲ್ಲಿ ಅವನ ನೆನಪಿಗೊಂದು ತಾಳಮದ್ದಲೆ ಇಟ್ಟುಕೊಂಡರು. ಜೊತೆಗೆ ಸ್ಮರಣ ಸಂಚಿಕೆ. ಬೈಂದೂರಿನ ತನ್ನ ಅಂಗಡಿಯಲ್ಲಿ ಅವನು ಇಂಗ್ಲಿಷ್ ಹಾಡಿಗೆ ಹೇಳಿದ ಅರ್ಥವನ್ನು ನಾನು ಅದಕ್ಕೆ ಬರೆದುಕೊಡಬೇಕಂತೆ. ಎಂ.ಎ. ಓದಿದವನು, ಆ ದಿನ ಅಲ್ಲಿದ್ದವನು, ಮೇಲಾಗಿ ತಮ್ಮ. ಫೋನ್ ಮಾಡಿದ ಗೆಳೆಯನ ದನಿ ಭಕ್ತಿಯಿಂದ ಒದ್ದೆಯಾಗಿತ್ತು. ಕುಡಿದು ಲಿವರ್ ಸುಟ್ಟುಕೊಂಡವನ ಮೇಲೆ ಎಂಥ ಭಕ್ತಿ? ನನಗೆ ಮೈ ಉರಿಯಿತು. ಆದರೂ ಬರೆಯಲು ಕೂತೆ.

ಅವರು ಹೇಳುವ ದಿನ ತೊಂಬತ್ತೆಂಟರದ್ದೋ ತೊಂಬತ್ತೊಂಬತ್ತರದ್ದೋ. ಅಣ್ಣ ಮುಂಬೈಯ ಬಾರೊಂದರಲ್ಲಿ ಕೌಂಟರ್ ನೋಡಿಕೊಂಡಿದ್ದವನು, ಊರಿಗೆ ಮರಳಿ ಬಸ್‌ಸ್ಟ್ಯಾಂಡಿನ ಎದುರು ಕ್ಯಾಸೆಟ್ ಅಂಗಡಿ ಹಾಕಿದ್ದ. ಭಜನೆ, ಯಕ್ಷಗಾನ, ಸಿನಿಮಾ ಹಾಡು, ಯಾರು ಏನು ಕೇಳಿದರೂ ರೆಕಾರ್ಡ್ ಮಾಡಿಕೊಡುತ್ತಿದ್ದ. ತನಗೆ ಮಾತ್ರ ಮುಂಬೈಯಿಂದ ತಂದ ಒಂದು ರಾಕ್ ಹಾಡು. ಒಬ್ಬ ಗಂಡಸು ಕೋಣೆಯ ಬಾಗಿಲು ಹಾಕಿಕೊಂಡು, ತನ್ನನ್ನು ಕೊಲ್ಲುತ್ತಿರುವ ಚಟವೊಂದೇ ತನ್ನನ್ನು ಬಿಟ್ಟುಹೋಗದ ಗೆಳೆಯ ಎಂದು ಅರಚುತ್ತಾನೆ. ಅಷ್ಟೇ. ಉಳಿದದ್ದು ಗಿಟಾರು.

ನನಗೆ ಅದು ಮೈಗಳ್ಳರ ಹಾಡು. ಒಂಟಿಯಾಗಿದ್ದೇನೆ, ಅದಕ್ಕೇ ಕುಡಿಯುತ್ತೇನೆ ಎನ್ನುವವನು, ಕುಡಿದೇ ಒಂಟಿಯಾದೆ ಎಂಬುದನ್ನು ನುಂಗಿಕೊಳ್ಳುತ್ತಾನೆ. ಇದನ್ನು ಅಣ್ಣನಿಗೂ ಹೇಳಿದ್ದೆ. ಅವನು ನಕ್ಕು, "ನಿಂದ್ ಪರೀಕ್ಷಿ ಉತ್ರ ಮಾರಾಯ, ಅರ್ಥ ಅಲ್ಲ" ಎಂದ.

ತಾಳಮದ್ದಲೆಯಲ್ಲಿ ಅರ್ಥ ಹೇಳುವುದರಲ್ಲಿ ಅವನು ಗಟ್ಟಿಗ. ಭಾಗವತರು ಪದ ಹಾಡಿ ನಿಲ್ಲಿಸಿದ ಕೂಡಲೇ ವೇಷವಿಲ್ಲದೆ, ಕೂತಲ್ಲೇ, ಬರಿಯ ಮಾತಿನಿಂದ ಪಾತ್ರವನ್ನು ಎಬ್ಬಿಸಿ ನಿಲ್ಲಿಸುತ್ತಿದ್ದ. ಆದರೆ ಯಾವಾಗಲೂ ಸೋಲುವವರ ಪಾತ್ರವೇ ಬೇಕು. ಪ್ರಸಂಗದಲ್ಲಿ ಸೋಲು ಮೊದಲೇ ಬರೆದಿರುತ್ತದೆ. ಮಾತಿನಲ್ಲಿ ಗೆಲ್ಲುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಆ ಮಧ್ಯಾಹ್ನ ಅತ್ತಿಗೆ ಅಂಗಡಿಗೆ ಬಂದರು. ಅಣ್ಣನ ಕುಡಿತ ತಾಳದೆ ಮಗುವನ್ನು ಕಟ್ಟಿಕೊಂಡು ಬ್ರಹ್ಮಾವರದ ತವರಿಗೆ ಹೋಗಿದ್ದವರು, ಈಗ ಮಗುವನ್ನು ಅಲ್ಲೇ ಬಿಟ್ಟು ಒಬ್ಬರೇ ಬಂದಿದ್ದರು. ಬ್ಯಾಗನ್ನು ಬೆಂಚಿನ ಮೇಲಿಟ್ಟರು. ಕುಡಿಯುವುದನ್ನು ಬಿಡುತ್ತೇನೆ ಎಂದು ನಾಲ್ಕು ಜನರೆದುರು ಹೇಳಿದರೆ ನಾಳೆಯೇ ಮಗುವಿನೊಂದಿಗೆ ಬರುತ್ತೇನೆ, ಇಲ್ಲವಾದರೆ ಇನ್ನು ಈ ಕಡೆ ಇಲ್ಲ ಎಂದರು. ಅಂಗಡಿಯಲ್ಲಿ ಗೆಳೆಯರು ತುಂಬಿದ್ದರು. ಅವರಲ್ಲೊಬ್ಬ, ಈಗ ಫೋನ್ ಮಾಡಿದವನೇ, ಕ್ಯಾಸೆಟ್ ಹಾಕಿ, "ಹ್ವಾಯ್, ನಿಮ್ಮ್ ಇಂಗ್ಲಿಷ್ ಪದಕ್ಕೆ ಅರ್ಥ ಹೇಳಿಯೇ ಉತ್ರ ಕೊಡಿ ಕಾಂಬ" ಎಂದ. ಇನ್ನೊಬ್ಬ ಖಾಲಿ ರಟ್ಟಿನ ಪೆಟ್ಟಿಗೆಯನ್ನು ಮದ್ದಲೆಯಂತೆ ಬಡಿದ. ಅಣ್ಣ ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ.

"ಬಾಗಿಲು ಹಾಕಿಕೊಂಡವನು ನಾನು, ನಿಜ. ಹೊರಗೆ ನಿಂತು ತಟ್ಟಿದವರೆಷ್ಟು ಮಂದಿ, ಈ ಸಭೆಯೇ ಹೇಳಲಿ. ತಟ್ಟದವರಿಗೆ ಒಳಗಿರುವವನ ಮಿತ್ರನಾರು ಎಂದು ಕೇಳುವ ಅಧಿಕಾರವೆಲ್ಲಿ?"

ಚಪ್ಪಾಳೆ ಬಿತ್ತು. ಅತ್ತಿಗೆ ಬ್ಯಾಗ್ ಎತ್ತಿಕೊಂಡು ಎದುರು ನಿಂತಿದ್ದ ಬಸ್ ಹತ್ತಿದರು. ಮತ್ತೆ ಬರಲಿಲ್ಲ.

ಈ ಮಾತು ಇಷ್ಟು ನೇರ್ಪಾಗಿ ಅಣ್ಣನ ಬಾಯಿಂದಲೇ ಬಂತೇ? ಪೆಟ್ಟಿಗೆಯ ಸದ್ದನ್ನು ನಂಬುತ್ತೇನೆ, ಸೆಕೆಯನ್ನು ನಂಬುತ್ತೇನೆ. ವಾಕ್ಯಗಳನ್ನು ನಂಬುವುದಿಲ್ಲ. ಪ್ರತಿ ಸಲ ನೆನೆದಾಗಲೂ ಅವು ಇನ್ನಷ್ಟು ನಯವಾಗುತ್ತವೆ. ತಟ್ಟಿದವರಲ್ಲಿ ಮೊದಲನೆಯವರು ಎದುರೇ ನಿಂತಿದ್ದರು ಎಂಬುದು ಅಲ್ಲಿದ್ದ ಒಬ್ಬನಿಗೂ ಹೊಳೆಯದಿದ್ದದ್ದು ಮಾತ್ರ ನಿಜವಿರಬೇಕು. ಅಂಥ ಮಾತಿಗೆ ಚಪ್ಪಾಳೆ ಹೊಡೆಯುವುದು ನಮ್ಮ ಊರಿನ ರಸಿಕತೆ.

ಹಾಗಾಗಿ, ಸರಿಯಿದೆಯೇ ಎಂದು ಕೇಳಲು, ಬರೆದದ್ದನ್ನು ಹಿಡಿದುಕೊಂಡು ಬ್ರಹ್ಮಾವರಕ್ಕೆ ಹೋದೆ. ಅತ್ತಿಗೆ ಬಾವಿಕಟ್ಟೆಯ ಬಳಿ ಬಂಗುಡೆ ಮೀನು ಕೊಯ್ಯುತ್ತಿದ್ದರು. ಕೂತುಕೋ ಎನ್ನಲಿಲ್ಲ. ನಿಂತೇ ಓದಿದೆ.

"ಇದ್ ಅವ್ರ್ ಹೇಳದ್ದಾ, ನೀನ್ ಕಟ್ಟದ್ದಾ?"

ಗೊತ್ತಿಲ್ಲ ಎಂದೆ.

"ಕಡೀಗ್ ಬಿಡ್ತೆ ಅಂದ್ರ್. ಅದನ್ನ್ ಎಂತಕ್ಕೆ ಬರಿಲಿಲ್ಲ?"

ಕುಡಿತ ಬಿಡುತ್ತೇನೆ ಎಂದದ್ದು ನನಗೆ ಕೇಳಿಸಿರಲಿಲ್ಲ. ಅದನ್ನೇ ಹೇಳಿದೆ.

"ಹ್ಯಾಂಗ್ ಕೇಂತ್? ನೀವೆಲ್ಲ ಚಪ್ಪಾಳಿ ಹೊಡಿತಿದ್ರಿ."

ಅವರ ನೆನಪನ್ನೂ ನಾನು ನಂಬಬೇಕಿಲ್ಲ. ಇಷ್ಟು ವರ್ಷ ಒಬ್ಬರೇ ಕಳೆದವರಿಗೆ ಅಂಥದ್ದೊಂದು ಮಾತು ಬೇಕಾಗಿದ್ದಿರಬಹುದು. ಹಾಗಾದರೆ ಹೊರಟು ಬಂದದ್ದೇಕೆ ಎಂದು ಕೇಳಿದೆ, ಸ್ವಲ್ಪ ಒರಟಾಗಿಯೇ.

ಅವರು ಮೀನಿನ ತಲೆಯೊಂದನ್ನು ಬೆಕ್ಕಿನತ್ತ ಎಸೆದರು. ಅಷ್ಟು ಲಾಯ್ಕ ಮಾತಾಡುವವರು ಬಿಡುತ್ತೇನೆ ಎಂದರೆ ಅದೂ ಅರ್ಥವೋ, ನಿಜವೋ, ತಿಳಿಯುವುದು ಹೇಗೆ ಎಂದರು. ಆಮೇಲೆ ಕತ್ತಿ ಕೆಳಗಿಟ್ಟು, ನನ್ನ ಮುಖ ನೋಡದೆ ಹೇಳಿದರು: "ಬಸ್ಸಲ್ ಕೂಕಂಡ್ ಕಾದೆ. ಅವ್ರ್ ಹಿಂದೆ ಬತ್ರಾ ಅಂದೇಳಿ. ನೀವ್ ಅದೇ ಪದ ಮತ್ತೊಂದ್ ಸಲ ಹಾಕಿದ್ರಿ."

ಬರೆದುಕೊಡುವುದಿಲ್ಲ ಎಂದು ಆ ಗೆಳೆಯನಿಗೆ ಫೋನ್ ಮಾಡಿದೆ. ಅಣ್ಣ ಕೊನೆಯಲ್ಲಿ ಏನೋ ಹೇಳಿದ್ದನಂತೆ, ಅದು ನಮಗ್ಯಾರಿಗೂ ಕೇಳಿಸಿಲ್ಲ ಎಂದೆ. ಅವನು ಒಂದು ಗಳಿಗೆಯೂ ಯೋಚಿಸಲಿಲ್ಲ.

"ಅದೆಲ್ಲ ಎಂತಕ್ಕೆ? ಚಪ್ಪಾಳಿ ಬಿದ್ದಲ್ಲಿಗ್ ನಿಲ್ಸ್ ಮಾರಾಯ."