ಖಾಲಿ ಜಾಗದಿಂದ ಶುರುವಾಗುವ ಸಾಲು

ಕಚೇರಿಯಲ್ಲಿ ಅವಳಿಗೆ ಜರಡಿಯಕ್ಕ ಎಂದೇ ಹೆಸರು. ಬಂದ ಇಮೇಲ್‌ಗಳಿಂದ ಸಬ್ಜೆಕ್ಟ್ ಎನ್ನುವ ವಿಷಯದ ಸಾಲನ್ನಷ್ಟೇ ಹೆಕ್ಕಿ ಪಟ್ಟಿ ಮಾಡುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂಬ ಹುಡುಕು-ಸೂತ್ರ ಬರೆದವಳು ಅವಳೇ. ತನ್ನ ಸ್ವಂತ ಇಮೇಲ್‌ಗಳನ್ನೂ ಅದರಲ್ಲೇ ಸೋಸಿ ಓದುತ್ತಿದ್ದಳು.

ಅದನ್ನು ಬರೆದ ಹನ್ನೊಂದು ವರ್ಷದ ಮೇಲೆ ಗುಮಾಸ್ತ ಬಂದು ಗೊಣಗಿದ: "ಅಕ್ಕಾ, ಉದ್ದ ವಿಷಯ ಇದ್ರೆ ಅರ್ಧಕ್ಕೇ ನಿಂತ್ಬಿಡುತ್ತಲ್ಲ?"

"ಜರಡಿ ಅಂದ್ಮೇಲೆ ತೂತು ಇರಲ್ವೇನ್ರೀ?" ಎಂದು ರೇಗಿದಳು.

ನೋಡಿದರೆ ತಪ್ಪು ಅವಳದೇ. ವಿಷಯ ಉದ್ದವಾದರೆ ಅದನ್ನು ಮುರಿದು, ಮುಂದಿನ ಸಾಲನ್ನು ಖಾಲಿ ಜಾಗದಿಂದ ಶುರುಮಾಡುವುದು ಇಮೇಲ್‌ನ ಪದ್ಧತಿ. ಅವಳ ಜರಡಿಯೋ ಮೊದಲ ಸಾಲಿಗೇ ಕೈತೊಳೆದುಕೊಂಡು ಎದ್ದುಬಿಡುತ್ತಿತ್ತು. ಖಾಲಿ ಜಾಗದಿಂದ ಶುರುವಾದ ಸಾಲನ್ನೂ ಸೇರಿಸಿಕೊಳ್ಳುವಂತೆ ತಿದ್ದಿ, ಪರೀಕ್ಷೆಗೆಂದು ತನ್ನ ಹಳೆಯ ಇಮೇಲ್‌ಗಳನ್ನೇ ಸುರಿದಳು.

ಅವುಗಳ ನಡುವೆ ತಂಗಿಯ ಕೊನೆಯ ಇಮೇಲ್ ಬಂತು. ಒಳಗೆ ಒಂದಕ್ಷರವನ್ನೂ ಬರೆಯದೆ, ಎಲ್ಲವನ್ನೂ ವಿಷಯದಲ್ಲೇ ತುರುಕುವ ಚಾಳಿ ತಂಗಿಯದು. ಆ ಕೊನೆಯ ವಿಷಯ ಜರಡಿಯಕ್ಕನಿಗೆ ಬಾಯಿಪಾಠವಾಗಿತ್ತು: "ಅಕ್ಕಾ, ಆಸ್ಪತ್ರೆಯಲ್ಲಿ ಆರಾಮಾಗಿದ್ದೀನಿ". ಅದನ್ನು ನಂಬಿ ಅವಳು ಆ ವಾರ ಹೋಗಿರಲಿಲ್ಲ. ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಈಗ ಅದರ ಮುಂದೆ ಇನ್ನೊಂದು ಸಾಲು ಬಂದು ಕೂತಿತ್ತು: "ಅಂತ ಅಮ್ಮನಿಗೆ ಹೇಳ್ಬಿಡು. ನೀನು ಮಾತ್ರ ಇವತ್ತೇ ಬಾ."

ಗುಮಾಸ್ತ ಬಾಗಿಲಲ್ಲಿ ನಿಂತು, "ಸರಿಹೋಯ್ತಾ ಅಕ್ಕಾ?" ಎಂದ.

ಅವಳು ತಿದ್ದಿದ್ದನ್ನೆಲ್ಲ ಅಳಿಸಿ, ಹಳೆಯ ಜರಡಿಯನ್ನೇ ಮತ್ತೆ ಓಡಿಸಿದಳು. ಪರದೆಯ ಮೇಲೆ ತಂಗಿ ಆರಾಮಾಗಿದ್ದಳು.