ಮಾರಿದ ಸೀರೆಗಳ ವೀಡಿಯೊ

ಹೊಸ ಕೈಮಗ್ಗದ ಸೀರೆಯ ಮಡಿಕೆ ಬಿಚ್ಚಿದರೆ ಗಂಜಿಯ ವಾಸನೆ ಬರುತ್ತದೆ. ಮೊನ್ನೆ ಯಾರೋ ಉಡುಗೊರೆ ಕೊಟ್ಟ ನಾರಾಯಣಪೇಟೆ ಸೀರೆ ಬಿಚ್ಚಿದೆ. ವಾಸನೆ ಮೂಗಿಗೆ ತಾಗಿದ್ದೇ ತಡ, ಎದುರು ಮನೆಯ ದೊಡ್ಡವ್ವ ಬಂದು ಪಕ್ಕದಲ್ಲಿ ಕೂತಂತಾಯಿತು... ಸೀರೆ ಮಡಚುವುದನ್ನೂ ಮರೆತು ಕೂತುಬಿಟ್ಟೆ.

ದೊಡ್ಡವ್ವ ನನಗೆ ಬಂಧುವೇನಲ್ಲ. ನಾರಾಯಣಪೇಟೆಯ ನಮ್ಮ ಓಣಿಯಲ್ಲಿ ಅವಳ ಮನೆ. ಮುಂದಿನ ಕೋಣೆಯೇ ಸೀರೆ ಅಂಗಡಿ. ಗಂಡ ತೀರಿಕೊಂಡಿದ್ದ, ಇದ್ದವಳು ಒಬ್ಬಳೇ ಮಗಳು. ತೆಲಂಗಾಣ ರಾಜ್ಯ ಬಂದು, ನಮ್ಮೂರು ಜಿಲ್ಲೆಯೂ ಆಗಿ, ಅಂಗಡಿಗಳ ಫಲಕಗಳೆಲ್ಲ ಹೊಸದಾಗಿದ್ದ ಕಾಲ ಅದು. ಆ ಹುಡುಗಿ ಫೋನಿನಲ್ಲಿ ವೀಡಿಯೊ ಮಾಡಿ ಹೈದರಾಬಾದಿನವರಿಗೆಲ್ಲ ಸೀರೆ ಮಾರುತ್ತಿದ್ದಳು. ಸೀರೆ ಹಿಡಿದು ನಿಲ್ಲುವವಳು ದೊಡ್ಡವ್ವ, ಫೋನಿನ ಹಿಂದಿನಿಂದ ಮಗಳ ದನಿ.

"ಅವ್ವಾ, ಸೆರಗು ತೋರ್ಸು. ಹಂಗಲ್ಲ... ಸ್ವಲ್ಪ ನಗಬೇ!"

ಗಿರಾಕಿಗಳಿಗೆ ಕಳಿಸುವಾಗ ಈ ಮಾತೆಲ್ಲ ತೆಗೆದು ಹಾಡು ಹಾಕುತ್ತಿದ್ದಳು. ಮಾತಿದ್ದ ಮೂಲ ವೀಡಿಯೊಗಳನ್ನು ಫೋನಿನಿಂದ ತೆಗೆದು, ಕಂಪ್ಯೂಟರಿಗೆ ಸಿಕ್ಕಿಸುವ ಅಂಗೈಯಗಲದ ಒಂದು ಎಸ್‌ಎಸ್‌ಡಿ ಡ್ರೈವಿನಲ್ಲಿ ಇಟ್ಟಿದ್ದಳು. ಮಾರಿದ ಸೀರೆಯ ವೀಡಿಯೊ ಆ ದಿನವೇ ಅಳಿಸಬೇಕು, ಇಲ್ಲದ ಸೀರೆ ತೋರಿಸಿ ಗಿರಾಕಿಯ ಬಾಯಿಗೆ ಬೀಳಬಾರದು ಎಂದು ಅವಳ ಕಟ್ಟಪ್ಪಣೆ. ಓದು ಬಾರದ ಅವ್ವನಿಗೆ ಚಿತ್ರ ನೋಡಿ ಅಳಿಸುವುದನ್ನೂ ಕಲಿಸಿದ್ದಳು.

ಒಂದು ಜ್ವರದಲ್ಲಿ ಆ ಹುಡುಗಿ ಹೋದಳು. ಬಂದವರೆಲ್ಲ ದೇವರ ಇಚ್ಛೆ ಅಂದು ಹೋದರು. ಆ ಮಾತು ಕೇಳಿ ನನಗೆ ಮೈಯೆಲ್ಲ ಉರಿದಿತ್ತು. ದೊಡ್ಡವ್ವ ಮಾತ್ರ ಮತ್ತೆ ಅಂಗಡಿಯ ಬಾಗಿಲು ತೆಗೆದಳು. ಉಳಿದ ಸೀರೆಗಳನ್ನು ಮಾರಿದಳು. ಒಂದೊಂದು ಮಾರಿದಾಗಲೂ, ಮಗಳು ಕಲಿಸಿದಂತೆ, ಅದರ ವೀಡಿಯೊವನ್ನು ಡ್ರೈವಿನಿಂದ ಅಳಿಸಿದಳು.

ಹುಡುಗಿಯ ವರ್ಷದ ಪೂಜೆಗೆ ಬಂದ ದೊಡ್ಡವ್ವನ ತಂಗಿ, "ಹುಡುಗಿ ಮಾತಾಡಿದ್ದು ಏನಾರ ಐತೇನಕ್ಕಾ, ಕೇಳಬೇಕನಸ್ತೈತಿ" ಅಂದಳು. ಐತಿ ಅಂತ ಎದ್ದು ಹೋದ ದೊಡ್ಡವ್ವ ಕಂಪ್ಯೂಟರಿನ ಮುಂದೆ ಕೂತವಳು ಏಳಲೇ ಇಲ್ಲ. ಡ್ರೈವ್ ಖಾಲಿಯಾಗಿತ್ತು.

"ಸೀರಿ ಅಳಿಸ್ತೀನಿ ಅನ್ಕಂಡಿದ್ನೆವ್ವಾ," ಅಂದಳು ನನ್ನ ಕೈ ಹಿಡಿದು. "ಅಕಿ ದನಿ ಅದ್ರಾಗೇ ಐತಿ ಅಂತ ಹೊಳೀಲಿಲ್ಲ."

ಊರಿನಲ್ಲಿ ತೋರಿಸಿದೆವು, ಆಗಲಿಲ್ಲ. ಗದ್ವಾಲದಲ್ಲಿ ಒಬ್ಬ ಅಳಿಸಿದ್ದನ್ನು ತೆಗೆದುಕೊಡುತ್ತಾನೆ ಎಂದು ಯಾರೋ ಹೇಳಿದರು. ಮಖ್ತಲ್‌ನಲ್ಲಿ ಬಸ್ಸು ಬದಲಿಸಿ ಹೋದೆವು. ದಾರಿಯುದ್ದಕ್ಕೂ ದೊಡ್ಡವ್ವ ಡ್ರೈವನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ದಳು. ದನಿ ಸಿಕ್ಕರೆ ಸಾಕು, ಮುಖ ನನ್ನ ಕಣ್ಣಾಗೈತಿ ಅನ್ನುತ್ತಿದ್ದಳು.

ಅಂಗಡಿಯವನು ಬಹಳ ಹೊತ್ತು ನೋಡಿದ. ಒಳ್ಳೆಯ ಮನುಷ್ಯ, ಆಸೆ ಹುಟ್ಟಿಸಿ ಆಟ ಆಡಲಿಲ್ಲ.

"ಅಮ್ಮಾ, ಹಳೇ ನಮೂನಿ ಡಿಸ್ಕ್ ಆಗಿದ್ರ ಅಳಿಸಿದ್ರೂ ಒಳಗ ಉಳೀತಿತ್ರಿ. ಇದು ಅಳಿಸಿದ ಜಾಗಾನ ತಾನೇ ಸಾಫ್ ಮಾಡ್ಕೊಂತೈತಿ. ಹೆಸರು ಬಂದಾವ, ಒಳಗ ವೀಡಿಯೊ ಇಲ್ರಿ."

ದೊಡ್ಡವ್ವ ಅಳಲಿಲ್ಲ. "ಹೆಸರಾರ ಓದವ್ವಾ, ಅಕಿ ಇಟ್ಟ ಹೆಸರು" ಅಂದಳು.

ಪರದೆ ನೋಡಿ ಓದಿದೆ. "ಈರುಳ್ಳಿ ಬಣ್ಣದ ಚೌಕಡಿ."

"ಹೂಂ. ಅವತ್ತು ಬೈದಿದ್ಲು. ‘ಅವ್ವಾ, ಸೆರಗು ನೆಲಕ್ಕ ತಾಗಾಕತ್ತೈತಿ’ ಅಂತ."

"ಹಸಿರು, ಗುಡಿ ಅಂಚು."

"‘ಇದನ್ನ ಮಾರೋದು ಬ್ಯಾಡ, ನೀನ ಉಟ್ಕೋ’ ಅಂದಿದ್ಲು. ಮಾರಿದೆ ನಾನು..."

ನಾನು ಓದುತ್ತಾ ಹೋದೆ, ಅವಳು ಮಗಳ ಮಾತನ್ನು ಮಗಳಂತೆಯೇ ಕೊಂಚ ಎಳೆದು ಆಡುತ್ತಾ ಹೋದಳು. ಅಂಗಡಿಯವನು ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳುತ್ತಿದ್ದ.

"ಅರಿಶಿನ, ಕೆಂಪು ಅಂಚು" ಅಂದೆ.

ದೊಡ್ಡವ್ವ ಬಾಯಿ ತೆರೆದಳು. ಇನ್ನೊಮ್ಮೆ ಓದಿಸಿದಳು.

"ಇದ್ರಾಗ ಏನಂದಿದ್ಲು? ಯವ್ವಾ, ಇದ್ರಾಗ ಏನೋ ಅಂದಿದ್ಲು... ನೆನಪಿಗೆ ಬರವಲ್ದು!"

ಮಗಳ ಹೆಣದ ಮುಂದೆಯೂ ಅಷ್ಟು ಅತ್ತಿರಲಿಲ್ಲ ಅವಳು. ಅಂಗಡಿಯವನು ನೀರು ತಂದುಕೊಟ್ಟು ಹೊರಗೆ ಹೋಗಿ ನಿಂತ. ನಾನೂ ಅತ್ತೆ. ಉಳಿದ ಹೆಸರುಗಳನ್ನು ಓದುವ ಧೈರ್ಯ ನನಗೂ ಆಗಲಿಲ್ಲ, ಅವಳೂ ಕೇಳಲಿಲ್ಲ.

ದೊಡ್ಡವ್ವ ಈಗಿಲ್ಲ. ಆ ಮನೆಯಲ್ಲಿ ಬೇರೆ ಯಾರೋ ಇದ್ದಾರೆ. ಮೊನ್ನೆ ಸೀರೆ ತೊಡೆಯ ಮೇಲಿಟ್ಟುಕೊಂಡು ಆ ಹುಡುಗಿಯ ದನಿ ಹೇಗಿತ್ತೆಂದು ನೆನಪಿಸಿಕೊಳ್ಳಲು ನೋಡಿದೆ. ದಿನಾ ಓಣಿಯಲ್ಲಿ ಕೇಳಿದ ದನಿಯೇ. ಎಷ್ಟು ಹುಡುಕಿದರೂ ಕಿವಿಗೆ ಬಂದದ್ದು, ಗದ್ವಾಲದ ಆ ಅಂಗಡಿಯಲ್ಲಿ ಮಗಳಂತೆ ಮಾತಾಡುತ್ತಿದ್ದ ದೊಡ್ಡವ್ವನ ದನಿಯೊಂದೇ.