ಜಗದಾಂಬಾ ಅವರ ಸುಣ್ಣದ ಡಬ್ಬಿ

ಬಸವೇಶ್ವರನಗರದ ಜಗದಾಂಬಾ ಅವರ ಎಲೆಯಡಿಕೆ ತಟ್ಟೆಯಿಂದ ಸುಣ್ಣದ ಡಬ್ಬಿ ಮಾಯವಾಗಿ ಎಂಟು ದಿನವಾಗಿತ್ತು. ತೆಗೆದವರು ಅಳಿಯ ನಾಗಭೂಷಣ್. ಬಡಾವಣೆಯ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿಯಾದ ಮೇಲೆ ಅವರು ಯಾವುದನ್ನೂ ಸುಮ್ಮನೆ ತೆಗೆಯುವುದಿಲ್ಲ, ವಶಪಡಿಸಿಕೊಳ್ಳುತ್ತಾರೆ. ಅತ್ತೆಯ ಹೃದಯದ ಕವಾಟದ ಮೇಲೆ ಕ್ಯಾಲ್ಸಿಯಂ ಗಟ್ಟಿಕಟ್ಟಿದೆ ಎಂದು ರಿಪೋರ್ಟಿನಲ್ಲಿ ಓದಿದವರೇ ಸುಣ್ಣ, ಹಾಲು, ರಾಗಿ ಮೂರನ್ನೂ ಮನೆಯಿಂದ ಗಡಿಪಾರು ಮಾಡಿದ್ದರು.

ಜಗದಾಂಬಾ ಮೂವತ್ತೊಂದು ವರ್ಷ ಅಂಚೆ ಕಚೇರಿಯಲ್ಲಿ ರಿಜಿಸ್ಟರ್ಡ್ ಕಾಗದದ ಕೌಂಟರಿನಲ್ಲಿ ಕೂತವರು. "ನಮ್ಮಮ್ಮಂದು, ನಂಗೇ ಕೊಡಿ" ಎಂದು ಯಾರಾದರೂ ಬಂದರೆ, "ಅಮ್ಮನ್ನ ಮುಂದೆ ಕಳ್ಸಪ್ಪ" ಎನ್ನುತ್ತಿದ್ದರು. ಕಾರ್ಪೊರೇಟರಿಗೂ ಅದೇ ಮಾತು; ಹೆಸರಿದ್ದವರೇ ಬಂದು ಸಹಿ ಹಾಕಿದರೆ ಮಾತ್ರ ಕಾಗದ ಕೈಗೆ. ಈಗ ಎಪ್ಪತ್ತೆರಡು. ಹೃದಯದ ಸ್ನಾಯು ನಾಲ್ಕು ವರ್ಷದಿಂದ ದುರ್ಬಲ. ಈಚೆಗೆ ಹೂವಿನವಳ ಜೊತೆ ಚೌಕಾಸಿ ಮಾಡುವಷ್ಟೂ ಉಸಿರಿಲ್ಲ ಎಂಬುದು ಅವರ ದೊಡ್ಡ ದೂರು.

ಆಸ್ಪತ್ರೆಯಲ್ಲಿ ಡಾಕ್ಟರ್ ಅನಿಕೇತ್ ವಿವರಿಸಿದರು: "ಹೃದಯದ ಸ್ನಾಯುಗೆ ರಕ್ತ ತಳ್ಳೋ ಶಕ್ತಿನೇ ಕಡಿಮೆ, ಕವಾಟದ ಹತ್ರ ಒತ್ತಡ ಕಾಣೋದೇ ಇಲ್ಲ. ಅದಕ್ಕೇ ಹಳೇ ಸ್ಕ್ಯಾನಲ್ಲಿ ಕವಾಟ ಇಷ್ಟು ಬಿಗಿಯಾಗಿದೆ ಅಂತ ಗೊತ್ತಾಗ್ಲಿಲ್ಲ. ತೊಡೆಯ ರಕ್ತನಾಳದಿಂದ ಹೋಗಿ ಹೊಸ ಕವಾಟ ಕೂರಿಸ್ಬಹುದು. ರಿಸ್ಕ್ ಇದೆ. ಸುಮ್ನೆ ಬಿಟ್ರೆ ಇನ್ನೂ ಜಾಸ್ತಿ ರಿಸ್ಕ್."

ಒಪ್ಪಿಗೆ ಪತ್ರವನ್ನು ಕೈಗೆ ತೆಗೆದುಕೊಂಡ ನಾಗಭೂಷಣ್ ಗಂಟಲು ಸರಿಮಾಡಿಕೊಂಡರು. "ಸಾರ್, ಫ್ಯಾಮಿಲಿ ಮೀಟಿಂಗ್ ಮಾಡಿದೀವಿ. ಈ ವಯಸ್ಸಲ್ಲಿ ಬೇಡ ಅಂತ ಸರ್ವಾನುಮತದ ನಿರ್ಣಯ."

"ಮೀಟಿಂಗಲ್ಲಿ ನಾನೆಲ್ಲಿದ್ದೆ ಅಳಿಯಂದ್ರೇ?"

"ನೀವು ಮಲಗಿದ್ರಿ ಅತ್ತೆ. ಡಿಸ್ಟರ್ಬ್ ಮಾಡೋದು ಬೇಡ ಅಂತ..."

ಮಗಳು ಹೇಮಶ್ರೀ ತಾಯಿಯ ಸೆರಗು ಹಿಡಿದಳು. "ಭಯ ಆಗುತ್ತೆ ಕಣಮ್ಮ."

"ನಂಗೂ ಆಗುತ್ತೆ ಕಣೇ. ಅದಕ್ಕೆ ನನ್ನ ಹೆಸರಿಗೆ ಬಂದಿದ್ದನ್ನ ನೀವು ವಾಪಸ್ ಕಳಿಸ್ಬಿಡ್ತೀರಾ? ಡಾಕ್ಟ್ರೇ, ಆ ಕಾಗದ ಯಾರ ಹೆಸರಲ್ಲಿದೆ?"

"ನಿಮ್ಮ ಹೆಸರಲ್ಲೇ ಅಮ್ಮ."

"ಮತ್ತೆ ಅವ್ರಿಗ್ಯಾಕೆ ಕೊಟ್ರಿ? ಇತ್ತ ಕೊಡಿ."

ನಾಲ್ಕು ಪುಟವನ್ನೂ ನಿಂತು ನಿಂತು, ಉಸಿರೆಳೆದುಕೊಂಡು ಓದಿದರು. ಅಪಾಯಗಳ ಪಟ್ಟಿಯಲ್ಲಿ ಪಾರ್ಶ್ವವಾಯು, ಪೇಸ್‌ಮೇಕರ್ ಎಂದಿದ್ದ ಸಾಲುಗಳ ಮೇಲೆ ಬೆರಳಿಟ್ಟು ಕೇಳಿ ತಿಳಿದುಕೊಂಡರು. ಆಮೇಲೆ ಅಂಚೆ ಕಚೇರಿಯ ಕಾಲದ ಅದೇ ದುಂಡು ಸಹಿ ಹಾಕಿದರು.

"ಇನ್ನೊಂದು. ನಾನು ತಿಂದ ಸುಣ್ಣವೇ ಹೋಗಿ ಅಲ್ಲಿ ಕೂತಿರೋದಾ?"

ಡಾಕ್ಟರ್ ನಕ್ಕರು. "ಇಲ್ಲಮ್ಮ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಅಡಿಕೆ ಮಾತ್ರ ಬಿಟ್ರೆ ಒಳ್ಳೇದು."

ಎರಡನೆಯ ಮಾತು ಜಗದಾಂಬಾ ಅವರಿಗೆ ಕೇಳಿಸಲಿಲ್ಲ. ಅಳಿಯನತ್ತ ಅಂಗೈ ಚಾಚಿದರು. ಡಾಕ್ಟರಿಗೆ ಸಾಕ್ಷಿಯಾಗಿ ತೋರಿಸಲೆಂದು ಫೈಲಿನ ಜೊತೆ ತಂದಿದ್ದ ಡಬ್ಬಿಯನ್ನು ಕಾರ್ಯದರ್ಶಿಗಳು ಮೆಲ್ಲಗೆ ಹೊರತೆಗೆದರು.

"ಕೊಡಿ ಅಳಿಯಂದ್ರೇ. ಸಹಿ ಬೇಕಾದ್ರೆ ಹಾಕ್ತೀನಿ, ಪೆನ್ನು ಇನ್ನೂ ಕೈಯಲ್ಲೇ ಇದೆ."